ಮನೆಯ ವೈಫೈಯಿಂದ ಹೊರಗಿನ ಟವರಿಗೆ: ಕರೆ ಕೈ ಬದಲಾಗುವ ಬಗೆ



ಈ ಪುಟದಲ್ಲಿ ಸಾಮಾನ್ಯವಾಗಿ ಕಾಂಡಕೊರಕ, ಕೊಳೆರೋಗ, ಸುಣ್ಣದ ಪ್ರಮಾಣ ಇವುಗಳ ಚರ್ಚೆ ನಡೆಯುತ್ತದೆ. ಈ ಸಲ ಬೇರೆ ಬಗೆಯ ಪಾಠವೊಂದನ್ನು ಎತ್ತಿಕೊಂಡಿದ್ದೇವೆ. ಸಂಘದ ಕಚೇರಿಗೆ ಬರುವ ಸದಸ್ಯರಿಂದ, ಅದರಲ್ಲೂ ಬೇಲೂರು ತಾಲ್ಲೂಕಿನ ಮಲೆನಾಡು ಭಾಗದವರಿಂದ, ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ: ಮನೆಯೊಳಗೆ ಮಾತು ಸ್ಪಷ್ಟವಾಗಿರುತ್ತದೆ, ಫೋನು ಹಿಡಿದು ಕಣಕ್ಕೆ ಇಳಿದರೆ ಕರೆ ಕಡಿದುಹೋಗುತ್ತದೆ.

ಇದು ಬರೀ ಕಿರಿಕಿರಿಯ ಮಾತಲ್ಲ. ಆನೆ ಯಾವ ತೋಟದಲ್ಲಿ ನಿಂತಿದೆ ಎಂಬ ಸುದ್ದಿ ಈಗ ಫೋನಿನಲ್ಲೇ ಬರುತ್ತದೆ. ಬೆಳಗ್ಗೆ ಆಳುಗಳು ಲೈನ್ ಮನೆ ಬಿಡುವ ಹೊತ್ತಿಗೆ ರೈಟರ್ ಫೋನಿಗೆ ಸಿಗದಿದ್ದರೆ ಏನಾಗಬಹುದೆಂದು ಆ ಕಡೆಯ ಸದಸ್ಯರಿಗೆ ನಾವು ವಿವರಿಸಬೇಕಾಗಿಲ್ಲ. ಆದ್ದರಿಂದ ಕರೆ ಕಡಿಯುವ ಕಾರಣವನ್ನೂ, ಅದಕ್ಕೆ ನಮ್ಮ ಕೈಯಲ್ಲಾಗುವ ಉಪಾಯವನ್ನೂ ತಿಳಿದುಕೊಳ್ಳೋಣ.

ಮೊದಲು ಹಿನ್ನೆಲೆ. ಹಳ್ಳಿಗೆಂದೇ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಸಣ್ಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಮೊದಲು ಕೆಲಸ ಆರಂಭಿಸಿತು. ಆಗ ಫೋನು ತಂತಿಗೆ ಕಟ್ಟಿದ ವಸ್ತು. ತಂತಿ ಎಲ್ಲಿಯೋ ಮಾತು ಅಲ್ಲಿಯೇ. ಮೊಬೈಲು ಬಂದ ಮೇಲೆ ಮನುಷ್ಯ ನಡೆಯುತ್ತಾ ಮಾತನಾಡತೊಡಗಿದ. ಒಂದು ಟವರಿನ ಎಲ್ಲೆ ಮುಗಿದಾಗ ಕರೆಯನ್ನು ಮುಂದಿನ ಟವರಿಗೆ ದಾಟಿಸಬೇಕಾಯಿತು. ಇದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ನಾವು ಕೈಬದಲು ಎನ್ನೋಣ.

ಟವರಿನಿಂದ ಟವರಿಗೆ ಆಗುವ ಕೈಬದಲು ಸುಲಭ. ಎರಡೂ ಟವರು ಒಂದೇ ಕಂಪನಿಯವು. ಯಾವ ಟವರಿನ ಅಲೆ ಎಷ್ಟು ಜೋರಾಗಿ ಕೇಳುತ್ತಿದೆ ಎಂದು ಫೋನು ಆಗಾಗ ವರದಿ ಒಪ್ಪಿಸುತ್ತಿರುತ್ತದೆ, ಯಾವಾಗ ದಾಟಬೇಕೆಂದು ಕಂಪನಿಯ ಯಂತ್ರ ಅಪ್ಪಣೆ ಕೊಡುತ್ತದೆ. ಬಸ್ಸಿನಲ್ಲಿ ಅರಸೀಕೆರೆಯಿಂದ ಹಾಸನಕ್ಕೆ ಮಾತನಾಡುತ್ತಲೇ ಹೋದವರು ದಾರಿಯಲ್ಲಿ ಎಷ್ಟು ಟವರು ಬದಲಾದುವೆಂದು ಲೆಕ್ಕವಿಡುವುದಿಲ್ಲ.

ವೈಫೈ ಮತ್ತು ಟವರಿನ ನಡುವಣ ಕೈಬದಲು ಹಾಗಲ್ಲ. ಇವೆರಡೂ ಬೇರೆ ಬೇರೆ ಜಾತಿಯ ಜಾಲಗಳು. ಮನೆಯ ರೂಟರ್ ಪೆಟ್ಟಿಗೆ ಬಹುಮಟ್ಟಿಗೆ ಒಬ್ಬ ಕೇಬಲ್‌ನವರದು, ಸಿಮ್ ಇನ್ನೊಬ್ಬರದು. ಎರಡರ ಮೇಲೂ ಅಧಿಕಾರವುಳ್ಳ ಯಜಮಾನ ಯಾರೂ ಇಲ್ಲ. ಹೀಗಾಗಿ ಯಾವಾಗ ದಾಟಬೇಕೆಂಬ ತೀರ್ಮಾನ ಬಡಪಾಯಿ ಫೋನಿನ ತಲೆಗೇ ಬೀಳುತ್ತದೆ. ಅದು ವೈಫೈ ಕ್ಷೀಣಿಸುವವರೆಗೂ ಅದಕ್ಕೇ ಅಂಟಿಕೊಂಡಿರುತ್ತದೆ. ಗಡಿಯಲ್ಲಿ ನಿಂತಾಗ ನಿಮಿಷಕ್ಕೆ ಹತ್ತು ಸಲ ಅತ್ತಿತ್ತ ಹಾರಾಡಬಾರದೆಂದು ಅದನ್ನು ಬೇಕೆಂದೇ ಸ್ವಲ್ಪ ನಿಧಾನಿಯಾಗಿ ಮಾಡಿದ್ದಾರೆ.

ಇಲ್ಲಿ ಎರಡು ಬಗೆಯ ಕರೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ವಾಟ್ಸ್ಆಪ್ ಮೊದಲಾದವುಗಳ ಕರೆ. ವೈಫೈಯಲ್ಲಿರುವಾಗ ನಮಗೆ ಕೇಬಲ್‌ನವರು ಕೊಟ್ಟ ಅಂತರ್ಜಾಲ ವಿಳಾಸವಿರುತ್ತದೆ. ಟವರಿಗೆ ಬಂದೊಡನೆ ಸಿಮ್ ಕಂಪನಿಯ ವಿಳಾಸ ಬರುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಹುಬ್ಬಳ್ಳಿ ಗಾಡಿ ಹತ್ತಿ ಹೊಸದಾಗಿ ಜಾಗ ಹಿಡಿದಂತೆ. ಆಪ್ ಜಾಣತನದಿಂದ ಮತ್ತೆ ಜೋಡಿಸಿಕೊಳ್ಳುತ್ತದೆ ನಿಜ, ಆದರೆ ನಡುವೆ ಕೆಲವು ಕ್ಷಣ ಮಾತು ಸತ್ತಿರುತ್ತದೆ.

ಇನ್ನೊಂದು, ಸಿಮ್ ಕಂಪನಿಯದೇ ವೈಫೈ ಕಾಲಿಂಗ್. ನಮ್ಮ ದೇಶದಲ್ಲಿ ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ ದೆಹಲಿಯಿಂದ ಆರಂಭಿಸಿತು, ಜಿಯೊ 2020ರ ಜನವರಿಯಲ್ಲಿ ಹೊರತಂದಿತು, ಬಿಎಸ್ಎನ್ಎಲ್ 2026ರ ಜನವರಿಯಲ್ಲಿ ದೇಶದಾದ್ಯಂತ ಕೊಟ್ಟಿತು. ಇದರಲ್ಲಿ ಫೋನು ಮನೆಯ ಲೈನಿನೊಳಗೆ ಬೀಗ ಹಾಕಿದ ಸುರಂಗವೊಂದನ್ನು ಕೊರೆದು ನೇರವಾಗಿ ಸಿಮ್ ಕಂಪನಿಯ ಬಾಗಿಲು ಮುಟ್ಟುತ್ತದೆ. ವಿಳಾಸ ಕೊಡುವವರು ಆ ಬಾಗಿಲವರು. ಫೋನು 4ಜಿಗೆ ದಾಟಿದರೂ ಬಾಗಿಲು ಅದೇ, ವಿಳಾಸವೂ ಅದೇ. ಪ್ರಯಾಣಿಕನನ್ನು ಇಳಿಸದೆ ಬೋಗಿಯನ್ನೇ ಬಿಚ್ಚಿ ಇನ್ನೊಂದು ಗಾಡಿಗೆ ಜೋಡಿಸಿದಂತೆ. ಎಲ್ಲ ಸರಿಯಿದ್ದರೆ ಆ ಕಡೆಯವರಿಗೆ ತಿಳಿಯುವುದೂ ಇಲ್ಲ.

ಎಲ್ಲ ಸರಿಯಿದ್ದರೆ ಎಂದೆವು. ಗಂಟು ಇರುವುದು ಅಲ್ಲಿಯೇ.

ಅಡಿಕೆ ಗೊನೆ ಇಳಿಸುವ ನುರಿತ ಆಳನ್ನು ನೋಡಿದ್ದೀರಿ. ಒಂದು ಮರದ ತಲೆಯಲ್ಲಿ ಕುಳಿತು, ಪಕ್ಕದ ಮರವನ್ನು ಎಳೆದು ಹಿಡಿದು, ಹಿಡಿತ ಗಟ್ಟಿಯಾದ ಮೇಲೆ ಮಾತ್ರ ಮೊದಲಿನದನ್ನು ಬಿಡುತ್ತಾನೆ. (ಈಗ ದೋಟಿ ಬಂದು ಈ ವಿದ್ಯೆಯೇ ಅಪರೂಪವಾಗುತ್ತಿದೆ, ಅದು ಬೇರೆ ಮಾತು.) ಕರೆಯೂ ಹಾಗೆಯೇ ದಾಟಬೇಕು. ವೈಫೈ ಮುಗಿಯುವ ಮೊದಲೇ 4ಜಿ ಕೈಗೆ ಸಿಗಬೇಕು. ಎರಡು ಮರಗಳ ನಡುವೆ ಕೈಗೆಟುಕದ ಅಂತರವಿದ್ದರೆ ಎಷ್ಟು ನುರಿತವನಾದರೂ ದಾಟಲಾರ.

ಬೇಲೂರಿನ ಮಲೆನಾಡು ಭಾಗದ ತೋಟಗಳಲ್ಲಿ ಆಗುತ್ತಿರುವುದು ಇದೇ. ಮನೆ ತಗ್ಗಿನಲ್ಲಿ, ಸುತ್ತ ಸಿಲ್ವರ್ ಓಕ್ ಮತ್ತು ಕಾಡುಮರದ ನೆರಳು, ಟವರು ಗುಡ್ಡದಾಚೆ. ಮಳೆಗಾಲದಲ್ಲಿ ಒದ್ದೆ ಎಲೆ ಅಲೆಯನ್ನು ಇನ್ನಷ್ಟು ಹೀರುತ್ತದೆ. ರೂಟರು ಒಳಗೋಣೆಯಲ್ಲಿರುತ್ತದೆ. ದಪ್ಪ ಗೋಡೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಅದರ ಬಲ ಮುಗಿಯುತ್ತದೆ. 4ಜಿ ಸಿಗುವುದು ಕಣದ ಆಚೆ ತುದಿಯಲ್ಲಿ. ನಡುವಣ ಮೂವತ್ತು ನಲವತ್ತು ಮಾರು ಎರಡಕ್ಕೂ ಸೇರದ ಜಾಗ. ಕರೆ ಸಾಯುವುದು ಆ ಜಾಗದಲ್ಲಿ. ಕಂಪನಿಯನ್ನು ಬಯ್ದರೆ ಅದು ತುಂಬುವುದಿಲ್ಲ.

ಹೊರಗೆ 2ಜಿ ಮಾತ್ರ ಇದ್ದರೆ ಇನ್ನೊಂದು ತೊಡಕು. 4ಜಿಯ ಕರೆಯನ್ನು 2ಜಿಗೆ ಇಳಿಸುವ ಏರ್ಪಾಡು ತಂತ್ರಜ್ಞಾನದಲ್ಲಿದೆ. ವೈಫೈ ಕರೆ ಮಾತ್ರ ಸಾಮಾನ್ಯವಾಗಿ 2ಜಿಗೆ ಇಳಿಯದೆ ಕಡಿದೇಹೋಗುತ್ತದೆ, ಮತ್ತೆ ಒತ್ತಬೇಕು. 2016ರ ಸೆಪ್ಟೆಂಬರಿನಲ್ಲಿ 4ಜಿಯಿಂದಲೇ ಆರಂಭವಾದ ಜಿಯೊಗೆ 2ಜಿ ಎಂಬುದೇ ಇಲ್ಲವಾದ್ದರಿಂದ ಆ ಸಿಮ್ಮಿನವರಿಗೆ ಇಳಿಯುವ ಮೆಟ್ಟಿಲೂ ಇಲ್ಲ.

ನಡೆದು ನೋಡುವ ಪರೀಕ್ಷೆ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಎಂಬುದನ್ನು ಹುಡುಕಿ ಚಾಲೂ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಅದರೊಡನೆ ವೋಲ್ಟೆ ಅಥವಾ 4ಜಿ ಕಾಲಿಂಗ್ ಸಹ ಚಾಲೂ ಇರಬೇಕು, ಇಲ್ಲವಾದರೆ ದಾಟಲು ಆಚೆ ದಡವೇ ಇರುವುದಿಲ್ಲ. ಇದಕ್ಕೆ ಬೇರೆ ಆಪ್ ಬೇಡ. ಬಳಿಕ ಮನೆಯವರೊಬ್ಬರಿಗೆ ಮಾಮೂಲು ಕರೆ ಮಾಡಿ, ಅವರು ಒಂದರಿಂದ ಎಣಿಸುತ್ತಿರಲಿ, ನೀವು ಒಳಗೋಣೆಯಿಂದ ಕಣದ ಕಡೆಗೆ ನಿಧಾನವಾಗಿ ನಡೆಯಿರಿ. ಎಣಿಕೆ ಎಲ್ಲಿ ನಿಂತಿತೋ ಅಲ್ಲೊಂದು ಕಲ್ಲಿಡಿ. ಹೊರಗಿನಿಂದ ಒಳಕ್ಕೂ ಹಾಗೆಯೇ ಮಾಡಿ. ಎರಡು ಕಲ್ಲುಗಳು ಒಂದೇ ಕಡೆ ಬೀಳುವುದಿಲ್ಲ. ಫೋನು ನಿಧಾನಿ ಎಂದೆವಲ್ಲ, ಅದರಿಂದ ಹಾಗಾಗುತ್ತದೆ.

ಖಾಲಿ ಜಾಗ ಎಲ್ಲಿದೆ ಎಂದು ಗೊತ್ತಾದ ಮೇಲೆ ಅದನ್ನು ವೈಫೈ ಕಡೆಯಿಂದ ತುಂಬುವುದೇ ನಮ್ಮ ಕೈಯಲ್ಲಿರುವ ದಾರಿ. ರೂಟರನ್ನು ಒಳಗೋಣೆಯಿಂದ ಕಣದ ಕಡೆಯ ಕಿಟಕಿಗೆ ತಂದರೆ ಕೆಲವರಿಗೆ ಅಷ್ಟೇ ಸಾಕು. ಸಾಲದಿದ್ದರೆ ಕೇಬಲ್ ಎಳೆದು ಜಗಲಿಯ ಸೂರಿನಡಿ ಎರಡನೆಯ ಪೆಟ್ಟಿಗೆಯೊಂದನ್ನು, ಅದೇ ಹೆಸರು ಅದೇ ಪಾಸ್‌ವರ್ಡಿನಲ್ಲಿ, ಕೂರಿಸಬೇಕು. ಕೇಬಲ್ಲಿಲ್ಲದೆ ಅಲೆಯಿಂದಲೇ ಅಲೆ ಹಿಡಿಯುವ ಪೆಟ್ಟಿಗೆಗಳೂ ಸಿಗುತ್ತವೆ, ಆದರೆ ಬಲ ಕಡಿಮೆ. ರೂಟರಿನಲ್ಲಿ 2.4 ಮತ್ತು 5 ಎಂದು ಎರಡು ಅಲೆಗಳಿದ್ದರೆ ಗೋಡೆ ದಾಟಿ ದೂರ ಹೋಗುವುದು 2.4. ತಗಡಿನ ಗೋದಾಮಿನೊಳಗೆ ಹೊರಗಿನ ಯಾವ ಅಲೆಯನ್ನೂ ನಂಬಬೇಡಿ.

ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳ ಬಗ್ಗೆ ಕೆಲವರು ಕೇಳಿದ್ದಾರೆ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ನೆರೆಯ ತೋಟದವರ ಸಿಗ್ನಲ್ಲನ್ನೂ ಅದು ಕೆಡಿಸುತ್ತದೆ. ಸಂಘ ಅದನ್ನು ತರಿಸಿಕೊಡುವುದಿಲ್ಲ.

ಕರೆಂಟು ಹೋದರೆ ರೂಟರೂ ಫೈಬರ್ ಪೆಟ್ಟಿಗೆಯೂ ಒಟ್ಟಿಗೆ ಆರುತ್ತವೆ, ಅವುಗಳೊಡನೆ ವೈಫೈ ಕಾಲಿಂಗೂ ಆರುತ್ತದೆ. ಗಾಳಿಮಳೆಯಲ್ಲಿ ಫೋನು ಹೆಚ್ಚು ಬೇಕಾದ ಹೊತ್ತಿಗೇ ಹೀಗಾಗುತ್ತದೆ. ಇವೆರಡಕ್ಕೆ ಬೇಕಾದ ವಿದ್ಯುತ್ತು ಅಲ್ಪ. ಮನೆಯ ಇನ್ವರ್ಟರಿಗೆ ಸೇರಿಸಿ, ಇಲ್ಲವೇ ರೂಟರಿಗೆಂದೇ ಸಿಗುವ ಸಣ್ಣ ಬ್ಯಾಟರಿ ಇಡಿ.

ಅರಸೀಕೆರೆಯ ಬಯಲಿನ ಸದಸ್ಯರಿಗೆ ತೊಂದರೆ ತಿರುವುಮುರುವು. ಹೊರಗೆಲ್ಲ ಟವರು ಚೆನ್ನಾಗಿ ಸಿಗುತ್ತದೆ, ಫೋನು ಮಾತ್ರ ಗೇಟಿನ ಬಳಿಯೂ ಮನೆಯ ಬಡಕಲು ವೈಫೈಯನ್ನು ಬಿಡುವುದಿಲ್ಲ. ವೈಫೈ ಸೊರಗಿದಾಗ ಮೊಬೈಲ್ ಡೇಟಾಕ್ಕೆ ತಾನೇ ದಾಟುವ ಗುಂಡಿ ಹಲವು ಫೋನುಗಳಲ್ಲಿದೆ. ಇಲ್ಲದವರು ಮನೆ ಬಿಡುವಾಗ ವೈಫೈ ಆರಿಸಿದರಾಯಿತು. ಹಳೇಬೀಡು ಸುತ್ತಿನವರು ತಮ್ಮ ಮನೆ ಯಾವ ಬಗೆಯದೆಂದು ಕಲ್ಲಿಟ್ಟು ನೋಡಿಕೊಳ್ಳಲಿ.

ಹಣದ ವಿಷಯ

ಕೂಲಿ ಬಟವಾಡೆ ಈಗ ಬಹಳ ಕಡೆ ಯುಪಿಐ ಮೂಲಕ. ಜಗಲಿಯಿಂದ ಕಣಕ್ಕೆ ನಡೆಯುತ್ತಾ ಗುಪ್ತ ಸಂಖ್ಯೆ ಒತ್ತಿ, ಆ ಗಳಿಗೆಯಲ್ಲೇ ಜಾಲ ಬದಲಾದರೆ, ಹಣ ಹೋಯಿತೋ ಇಲ್ಲವೋ ಎಂಬ ಉತ್ತರ ಫೋನಿಗೆ ಬಾರದೆ ಉಳಿಯಬಹುದು. ಹಣ ಹೋಗಿಯೂ ಇರಬಹುದು. ಹೋಗಿಲ್ಲವೆಂದುಕೊಂಡು ಎರಡನೆಯ ಸಲ ಕಳುಹಿಸುವವರೇ ಹೆಚ್ಚು. ನಿಂತಲ್ಲೇ ನಿಂತು ಕಳುಹಿಸಿ. ಉತ್ತರ ಬಾರದಿದ್ದರೆ ವ್ಯವಹಾರದ ಪಟ್ಟಿ ಮತ್ತು ಬ್ಯಾಂಕಿನ ಬಾಕಿ ನೋಡಿದ ಮೇಲೆ ಮುಂದಿನ ಮಾತು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ನಮ್ಮ ಖಾತೆಯಿಂದ ಕಳೆದು ಎದುರಿನವರ ಖಾತೆಗೆ ಸೇರದ ಹಣ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಎರಡು ಸಲ ಕಳುಹಿಸಿ ಎರಡೂ ಸೇರಿದ ಹಣಕ್ಕೆ ಈ ನಿಯಮವಿಲ್ಲ. ಅದು ಪಡೆದವರು ಕೊಟ್ಟರೆ ಉಂಟು.

ಇನ್ನು ಅಪಘಾತದ ಹೊತ್ತು. 112 ಒತ್ತಿದರೆ ನಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರು ಸಿಕ್ಕರೆ ಕರೆ ಅದರ ಮೂಲಕ ಹೋಗುತ್ತದೆ. ಆದ್ದರಿಂದ ಅಂಥ ಕಡೆ ಅದನ್ನೇ ಮೊದಲು ಒತ್ತಿ. ಕರೆ ಸಿಕ್ಕ ಮೇಲೆ ಮಾತು ಮುಗಿಯುವವರೆಗೆ ಆ ಜಾಗ ಬಿಟ್ಟು ಕದಲಬೇಡಿ. ವೈಫೈ ಮೂಲಕ ಹೋದ ಕರೆಯಲ್ಲಿ ಟವರಿನ ಗುರುತು ಇರದ ಕಾರಣ, ನಾವು ಎಲ್ಲಿದ್ದೇವೆಂದು ಅವರಿಗೆ ತಾನಾಗಿ ತಿಳಿಯುತ್ತದೆಂದು ನೆಚ್ಚಬಾರದು. ಊರು, ಹೋಬಳಿ, ತಾಲ್ಲೂಕು, ಮುಖ್ಯರಸ್ತೆಯಿಂದ ತಿರುಗುವ ಜಾಗದ ಗುರುತು, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಲೈನ್ ಮನೆಯ ಮಕ್ಕಳೂ ಓದುವಂತೆ ಅದನ್ನು ದಪ್ಪಕ್ಷರದಲ್ಲಿ ಬರೆದು ರೂಟರಿನ ಪಕ್ಕದ ಗೋಡೆಗೊಂದು, ಕಣದ ಕಂಬಕ್ಕೊಂದು ಅಂಟಿಸಿ.