ಗಂಜಿಯೊಳಗಿನ ಬಲೆ: ಚದುರುವಿಕೆಯಿಂದ ಅಳೆಯುವ ಬಗೆ

ಸೊಲ್ಲಾಪುರದ ನೇಕಾರರಿಗೆ ಹಾಸುನೂಲಿಗೆ ಗಂಜಿ ಹಾಕುವ ಕ್ರಮ ಹೊಸದಲ್ಲ. ಹಣಿಗೆಯ ತಿಕ್ಕಾಟಕ್ಕೆ ನೂಲು ಹರಿಯದಿರಲೆಂದು ಈ ಏರ್ಪಾಡು. ಗಂಜಿಯನ್ನು ಮಂದವಾಗಿ ಕಾಯಿಸಿ ಆರಲು ಬಿಟ್ಟರೆ, ನೂರರಲ್ಲಿ ತೊಂಬತ್ತು ಪಾಲು ನೀರೇ ಇದ್ದರೂ ಅದು ಹೆಪ್ಪುಗಟ್ಟುತ್ತದೆ. ಪಾತ್ರೆಯನ್ನು ಓರೆ ಮಾಡಿದರೂ ಹರಿಯದು. ಘನ, ದ್ರವ, ಅನಿಲಗಳ ಪಾಠ ಕಲಿತ ವಿದ್ಯಾರ್ಥಿಯು ಇದು ಯಾವುದೆಂದು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಪಿಷ್ಟದ ಸರಪಳಿಯಂತಹ ಉದ್ದ ಅಣುಗಳು ಅಲ್ಲಲ್ಲಿ ಒಂದಕ್ಕೊಂದು ಹೆಣೆದು ಬಲೆಯಾಗಿ, ನೀರನ್ನು ತಮ್ಮ ಕಣ್ಣುಗಳಲ್ಲಿ ಹಿಡಿದಿಡುತ್ತವೆ. ಇಂತಹ ವಸ್ತುವೇ ಜೆಲ್.

ಈ ಬಲೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದು. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರ್. ಬಲೆಯ ಎಳೆಗಳು ಅದಕ್ಕಿಂತ ಬಹಳ ಸಣ್ಣವು. ಒಣಗಿಸಿ ನೋಡೋಣವೆಂದರೆ ಬಲೆಯೇ ಕುಸಿಯುತ್ತದೆ. ಆದುದರಿಂದ ವಿಜ್ಞಾನಿಗಳು ಒದ್ದೆಯ ಜೆಲ್‌ನ ಮೂಲಕ ಕಿರಣವನ್ನು ಹಾಯಿಸಿ, ಅದು ಯಾವ ಕೋನದಲ್ಲಿ ಎಷ್ಟು ಚದುರಿತೆಂದು ಅಳೆಯುತ್ತಾರೆ.

ಇದರ ಮೂಲನಿಯಮವನ್ನು ಬಟ್ಟೆಯಿಂದಲೇ ತೋರಿಸಬಹುದು. ಸಂಜೆ ತೆಳುವಾದ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ದೂರದ ಒಂಟಿ ದೀಪವನ್ನು ನೋಡಿದರೆ, ದೀಪದ ಸುತ್ತ ಅಡ್ಡಲಾಗಿಯೂ ಉದ್ದಕ್ಕೂ ಬೆಳಕಿನ ಚುಕ್ಕೆಗಳು ಸಾಲುಗಟ್ಟುತ್ತವೆ. ಎಳೆಗಳು ಒತ್ತಾಗಿದ್ದಷ್ಟೂ ಚುಕ್ಕೆಗಳು ದೂರ ದೂರ. ವಿರಳವಾಗಿದ್ದರೆ ಹತ್ತಿರ ಹತ್ತಿರ. (ಸೂರ್ಯನನ್ನಾಗಲಿ ಲೇಸರ್ ಕಿರಣವನ್ನಾಗಲಿ ಹೀಗೆ ನೋಡಗೊಡಬಾರದು.) ಕಿರು ರಚನೆಗೆ ಹಿರಿಯ ಕೋನ, ಹಿರಿಯ ರಚನೆಗೆ ಕಿರಿಯ ಕೋನ. ಜೆಲ್‌ನ ಬಲೆಗೆ ಬಟ್ಟೆಯ ಕ್ರಮಬದ್ಧತೆ ಇಲ್ಲದ್ದರಿಂದ ಚುಕ್ಕೆಗಳ ಬದಲು ಮಸುಕಾದ ಪ್ರಭೆ ಮೂಡುತ್ತದೆ. ವಿಲೋಮದ ನಿಯಮ ಮಾತ್ರ ಅದೇ.

ಬೇಯದ ಪಿಷ್ಟದ ಕಣವನ್ನು ನೀರಿನಲ್ಲಿ ನೆನೆಸಿ ಕ್ಷ-ಕಿರಣ ಹಾಯಿಸಿದರೆ ಸುಮಾರು ಒಂದು ಡಿಗ್ರಿಯಷ್ಟು ಸಣ್ಣ ಕೋನದಲ್ಲಿ ಚದುರುವಿಕೆ ಏರಿ ಕಾಣುತ್ತದೆ. ಕಣದೊಳಗೆ ಸುಮಾರು 9 ನ್ಯಾನೊಮೀಟರಿಗೊಮ್ಮೆ ಮರುಕಳಿಸುವ ಪದರಗಳಿವೆಯೆಂಬುದಕ್ಕೆ ಅದೇ ಸಾಕ್ಷಿ. 60–70 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದಾಗ ಆ ಏರು ಅಳಿಸಿಹೋಗುತ್ತದೆ: ಪದರಗಳು ಕರಗಿವೆ, ಗಂಜಿಯಾಗಿದೆ. ನ್ಯೂಟ್ರಾನ್‌ಗಳಿಂದಲೂ ಈ ಕೆಲಸ ಸಾಧ್ಯ. ಮುಂಬಯಿಯ ಟ್ರಾಂಬೆಯಲ್ಲಿ 1985ರಲ್ಲಿ ಆರಂಭವಾದ ಧ್ರುವ ರಿಯಾಕ್ಟರಿನಲ್ಲಿ ಅದರ ಸೌಕರ್ಯವಿದೆ. ನೀರಿಗೆ ಬದಲು ಭಾರಜಲವನ್ನು ಬಳಸಿದರೆ ನ್ಯೂಟ್ರಾನ್‌ಗಳಿಗೆ ಬಲೆಯು ನೀರಿನಿಂದ ಬೇರ್ಪಟ್ಟು ಸ್ಪಷ್ಟವಾಗಿ ತೋರುತ್ತದೆ.

ಅಕ್ಕಲಕೋಟದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಪದದ್ದು. ಮರಾಠಿಯಲ್ಲಿ 'ಪ್ರಕಾಶಾಚೇ ವಿಕಿರಣ' ಎಂದರೆ ಬೆಳಕಿನ ಚದುರುವಿಕೆ. ಕನ್ನಡದಲ್ಲಿ 'ವಿಕಿರಣ'ವೆಂದರೆ ಶಾಖ ಮೊದಲಾದವು ಹೊರಸೂಸುವುದು, ಮರಾಠಿಯವರ 'ಪ್ರಾರಣ'. ಎರಡೂ ಭಾಷೆ ಬಲ್ಲ ಮಗು ಇಲ್ಲಿ ತಪ್ಪಿದರೆ ಅದನ್ನು ದಡ್ಡತನವೆಂದು ಎಣಿಸಬಾರದು. ಪಾಠಕ್ಕೆ ಮೊದಲೇ ಈ ಪದಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಬಟ್ಟೆಯ ಮೂಲಕ ಕಂಡದ್ದಕ್ಕೆ ಯಾವುದು ಸಲ್ಲುತ್ತದೆಂದು ಮಕ್ಕಳಿಂದಲೇ ಹೇಳಿಸಬೇಕು.