ಮಡಿವಾಳ ಹಕ್ಕಿಯ ಕಣ್ಣಂಚಿನ ಉಣುಗು

ಪ್ರಶ್ನೆ: ದಿನಾ ಅಂಗಳಕ್ಕೆ ಬರುವ ಮಡಿವಾಳ ಹಕ್ಕಿಯ ಕಣ್ಣಿನ ಸುತ್ತ ಬೂದು ಬಣ್ಣದ ಸಣ್ಣ ಗಂಟುಗಳು ಕಾಣುತ್ತಿವೆ. ನೋಡಿದರೆ ಸಂಕಟವಾಗುತ್ತದೆ. ಹಿಡಿದು ಔಷಧಿ ಹಚ್ಚಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಸಂಕಟ ಸಹಜ. ಆದರೆ ಹಕ್ಕಿಯ ಜೀವಕ್ಕೆ ಕುತ್ತು ಬಂತೆಂದು ಗಾಬರಿಯಾಗಬೇಡಿ. ಅವು ಬಹುಮಟ್ಟಿಗೆ ಉಣುಗಿನ ಮರಿಗಳು.

ಮಳೆಗಾಲದಲ್ಲಿ ದನಗಳ, ಕಾಡುಪ್ರಾಣಿಗಳ ರಕ್ತ ಹೀರಿದ ಹೆಣ್ಣು ಉಣುಗು ನೆಲಕ್ಕುದುರಿ ತರಗೆಲೆಯ ಅಡಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಲಾರ್ವಾ (ಆರು ಕಾಲಿನ ಮರಿ) ಹೊರಬರುತ್ತದೆ. ಅದು ಬೆಳೆದು ನಿಂಫ್ (ಎಂಟು ಕಾಲಿನ ಎಳೆಯ ಉಣುಗು) ಆಗುತ್ತದೆ; ನವೆಂಬರಿನಿಂದ ಮೇವರೆಗೆ ಇದರ ಕಾಟ. ನೆಲದಲ್ಲಿ ಹುಳ ಹೆಕ್ಕುವ ಮಡಿವಾಳ, ನವರಂಗ, ಹರಟೆಮಲ್ಲ, ಕಾಡುಕೋಳಿಗಳಿಗೆ ಇವು ಹತ್ತುವುದು ಹಾಗೆ.

ಮೈಮೇಲಿನ ಉಣುಗನ್ನು ಹಕ್ಕಿ ತಾನೇ ಕೊಕ್ಕಿನಿಂದ ಕಿತ್ತುಹಾಕುತ್ತದೆ. ಕಣ್ಣಂಚು, ಕಿವಿ, ಕೊಕ್ಕಿನ ಬುಡಕ್ಕೆ ಕೊಕ್ಕು ಎಟುಕದು, ಅಲ್ಲಿದ್ದವು ಉಳಿದುಬಿಡುತ್ತವೆ. ಗುಂಪಾಗಿ ಬಾಳುವ ಹರಟೆಮಲ್ಲಗಳು ಒಂದರ ತಲೆಯನ್ನು ಇನ್ನೊಂದು ಹೆಕ್ಕಿಕೊಡುತ್ತವೆ. ಮಡಿವಾಳಕ್ಕೆ ಆ ಸೌಕರ್ಯ ಕಡಿಮೆ.

ಹೊಟ್ಟೆ ತುಂಬಿದ ಉಣುಗು ಕೆಲವೇ ದಿನಗಳಲ್ಲಿ ತಾನಾಗಿ ಉದುರುತ್ತದೆ. ದಯವಿಟ್ಟು ಹಕ್ಕಿಯನ್ನು ಹಿಡಿಯಬೇಡಿ. ಆ ಗಾಬರಿಗೇ ಅದು ಸತ್ತೀತು. ಕಾಡುಹಕ್ಕಿ ಹಿಡಿಯುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಅಂಗಳಕ್ಕೆ ಕೀಟನಾಶಕ ಹೊಡೆಯುವುದಂತೂ ಬೇಡವೇ ಬೇಡ, ಅದು ಹಕ್ಕಿ ತಿನ್ನುವ ಹುಳಕ್ಕೇ ವಿಷ. ಗಂಟು ವಾರಗಟ್ಟಲೆ ಉದುರದೆ ಹಕ್ಕು ಕಟ್ಟಿದರೆ ಅದು ಹಕ್ಕಿಸಿಡುಬು (ವೈರಾಣುವಿನ ಗುಳ್ಳೆರೋಗ) ಇರಬಹುದು. ಆಗ ಕಾಳು, ನೀರಿಡುವುದನ್ನು ಕೆಲಕಾಲ ನಿಲ್ಲಿಸಿ, ಪಾತ್ರೆ ತೊಳೆದಿಡಿ.

ಪ್ರಶ್ನೆ: ಹಕ್ಕಿಗಳಿಂದ ಮಕ್ಕಳಿಗೆ ಮಂಗನ ಕಾಯಿಲೆ ಬರುತ್ತದೆಯೇ? ನೀರಿನ ಬಟ್ಟಲು ತೆಗೆದುಬಿಡಲೇ?
– ಓದುಗರು, ಸಾಗರ

ಉತ್ತರ: ನಿಮ್ಮ ಸೀಮೆಯಲ್ಲಿ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಉಣುಗು ಹರಡುವ ಈ ವೈರಾಣು ಜ್ವರ ಗುರುತಿಗೆ ಬಂದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಹತ್ತಿರದ ಬಂಧುವಾದ ವೈರಾಣು ರಷ್ಯಾದಲ್ಲಿ ಇದ್ದುದರಿಂದ, ವಲಸೆ ಹಕ್ಕಿಗಳೇ ಉಣುಗಿನೊಡನೆ ಅದನ್ನು ಹೊತ್ತು ತಂದಿರಬಹುದೆಂಬ ಅನುಮಾನ ಆಗ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೊಂಡದ್ದರ ಹಿಂದೆ ಈ ಅನುಮಾನವೂ ಇತ್ತು. ಅದು ರುಜುವಾತಾಗಲಿಲ್ಲ.

ಹಕ್ಕಿಯ ಮೇಲಿನ ಉಣುಗು ನಿಮ್ಮ ಮಗುವಿನ ಮೇಲೆ ಹಾರುವುದಿಲ್ಲ. ಅದಕ್ಕೆ ಹಾರಲು ಬರುವುದೇ ಇಲ್ಲ. ಅಪಾಯ ಇರುವುದು ಕಾಡಂಚಿನ ತರಗೆಲೆಯಲ್ಲಿ, ಗಸಗಸೆಯಷ್ಟೇ ಸಣ್ಣಗೆ ಕಾದು ಕೂತ ನಿಂಫ್‌ನಲ್ಲಿ. ಬಟ್ಟಲು ಇರಲಿ.

ದರಗು, ಸೌದೆ ತರಲು ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲ (ಉಣುಗು ಹತ್ತದಂತೆ ತಡೆಯುವ ಎಣ್ಣೆ) ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿ. ಮನೆಗೆ ಬಂದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ; ಬೆರಳಲ್ಲಿ ಹಿಸುಕಬೇಡಿ.

ಕಾಡಿಗೆ ಹೋಗಿ ಬಂದ ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.