ಘಳಿಗೆ, ಮುಹೂರ್ತ, ರಾಹುಕಾಲ: ನಮ್ಮ ಕಡೆ ಲೆಕ್ಕ ಹಾಕೋದು ಹೇಗೆ?

ಅಂಜನಾದ್ರಿಗೆ ಬರುವ ಭಕ್ತಾದಿಗಳಲ್ಲಿ ಬಹಳ ಜನ "ಈಗ ರಾಹುಕಾಲ ಐತೇನ್ರಿ, ಬೆಟ್ಟ ಹತ್ತಬಹುದಾ?" ಅಂತ ಕೇಳುತ್ತಾರೆ. ಕ್ಯಾಲೆಂಡರಿನ ಹೊತ್ತು ಹಿಡಿದು ಕೆಳಗೇ ಕೂತವರೂ ಉಂಟು. ಅಂಥವರಿಗಾಗಿ ಪಂಚಾಂಗದ ಲೆಕ್ಕವನ್ನು ಇಲ್ಲಿ ಸರಳವಾಗಿ ತಿಳಿಸಿದೆ.

ದಿನ ಶುರುವಾಗುವುದು
ಗಡಿಯಾರದ ತಾರೀಖು ನಡುರಾತ್ರಿ ಬದಲಾದರೆ ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಶನಿವಾರ ಬೆಳಗಿನ ಜಾವ 4 ಗಂಟೆ ಅಂದರೆ ಇನ್ನೂ ಶುಕ್ರವಾರವೇ. ಒಂದು ಉದಯದಿಂದ ಮರು ಉದಯಕ್ಕೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ಎರಡು ಘಳಿಗೆ ಕೂಡಿದರೆ ಒಂದು ಮುಹೂರ್ತ, 48 ನಿಮಿಷ. ಹಿಂದಿನವರು ತಳದಲ್ಲಿ ಸಣ್ಣ ತೂತಿದ್ದ ಘಳಿಗೆ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ ಆಯಿತು.

ನಮ್ಮ ಜಿಲ್ಲೆಯ ಹೊತ್ತು
ದೇಶಕ್ಕೆಲ್ಲ ಒಂದೇ ಗಡಿಯಾರ. ಅದು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಗಂಗಾವತಿ ಇರುವುದು ಸುಮಾರು 76.5 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ 6 ಡಿಗ್ರಿಗೆ 24 ನಿಮಿಷ, ಅಂದರೆ ಒಂದು ಘಳಿಗೆ! ಅಷ್ಟು ತಡವಾಗಿ ಸೂರ್ಯ ನಮ್ಮಲ್ಲಿಗೆ ಬರುತ್ತಾನೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಿಗೆ ಇನ್ನೂ ಒಂದೆರಡು ನಿಮಿಷ ಹೆಚ್ಚು.

ರಾಹುಕಾಲ
ಉದಯದಿಂದ ಅಸ್ತದವರೆಗಿನ ಹಗಲನ್ನು 8 ಭಾಗ ಮಾಡಬೇಕು. ರಾಹುಕಾಲ ಬರುವ ಭಾಗ:
ಸೋಮವಾರ – 2
ಶನಿವಾರ – 3
ಶುಕ್ರವಾರ – 4
ಬುಧವಾರ – 5
ಗುರುವಾರ – 6
ಮಂಗಳವಾರ – 7
ಭಾನುವಾರ – 8

ಕ್ಯಾಲೆಂಡರಿನಲ್ಲಿ ಶನಿವಾರ 9ರಿಂದ 10.30 ಅಂತ ಇರುವುದು, ಬೆಳಿಗ್ಗೆ 6ಕ್ಕೆ ಉದಯ, ಸಂಜೆ 6ಕ್ಕೆ ಅಸ್ತ ಎಂದು ಹಿಡಿದ ಲೆಕ್ಕ. ಸಂಕ್ರಾಂತಿ ಸುಮಾರಿಗೆ ಇಲ್ಲಿ ಉದಯ 6.54ರ ಹತ್ತಿರ, ಅಸ್ತ 6.12ರ ಹತ್ತಿರ. ಒಂದು ಭಾಗಕ್ಕೆ ಸುಮಾರು 85 ನಿಮಿಷ. ಆಗ ಶನಿವಾರದ ರಾಹುಕಾಲ ಸುಮಾರು 9.43ರಿಂದ 11.08. ಕ್ಯಾಲೆಂಡರ್ ನೋಡಿ 10.30ಕ್ಕೆ ಎದ್ದವರು ರಾಹುಕಾಲದಲ್ಲೇ ಹೊರಟಂತೆ ಆಯಿತಲ್ಲ! ಆದ್ದರಿಂದ ನಿಮ್ಮ ಊರಿನ ಉದಯ, ಅಸ್ತ ನೋಡಿಯೇ ಲೆಕ್ಕ ಹಾಕಿರಿ.

ಒಂದು ಮಾತು
ರಾಹುಕಾಲ ನೋಡುವ ರೂಢಿ ಹೊಸ ಕೆಲಸದ ಆರಂಭಕ್ಕೆ. ದೇವರ ದರ್ಶನಕ್ಕೆ ಅದರ ತಡೆ ಇಲ್ಲ. ರಾಹುಕಾಲದಲ್ಲೇ ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚುವವರೂ ಇದ್ದಾರೆ. ಇಲ್ಲಿ ಐನೂರಕ್ಕೂ ಹೆಚ್ಚು ಮೆಟ್ಟಿಲು, ಸುತ್ತ ಬರೀ ಬಂಡೆ. ಬೇಸಿಗೆಯಲ್ಲಿ ರಾಹುಕಾಲ ಕಳೀಲಿ ಅಂತ ಕೂತು, ವಯಸ್ಸಾದವರನ್ನೂ ಮಕ್ಕಳನ್ನೂ ಸುಡುಬಿಸಿಲಿನಲ್ಲಿ ಹತ್ತಿಸಬೇಡಿರಿ. ಬೆಳಗಿನ ತಂಪಿನಲ್ಲಿ, ಕೈಯಲ್ಲಿ ನೀರು ಹಿಡಿದು ಹತ್ತಿರಿ. ಬೆಟ್ಟಕ್ಕೆ ಅದೇ ಒಳ್ಳೆಯ ಮುಹೂರ್ತ.